ಅಂಗನವಾಡಿಯಿಂದ ಎಸ್ಸೆಸ್ಸೆಲ್ಸಿವರೆಗೆ: ಮಗುವಿನ ಓದಿಗೆ ಹೊಣೆ ಯಾರು?

2023ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಚಿತ್ರದುರ್ಗ ಜಿಲ್ಲೆ ಶೇ 96.8ರಷ್ಟು ಫಲಿತಾಂಶ ಪಡೆದು ರಾಜ್ಯಕ್ಕೇ ಮೊದಲ ಸ್ಥಾನದಲ್ಲಿತ್ತು. ಬರಪೀಡಿತ, ಹಿಂದುಳಿದ ಜಿಲ್ಲೆ ಎಂದು ಕರೆಸಿಕೊಂಡೇ ಬಂದ ಕೋಟೆನಾಡಿಗೆ ಅದು ಸಣ್ಣ ಹೆಮ್ಮೆಯಲ್ಲ. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾಗಳು ಬಂದವು. ಇಡೀ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕದ ಪ್ರಮಾಣವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಮೊದಲ ಸ್ಥಾನ ಉಡುಪಿಯ ಪಾಲಾಯಿತು.

ಯಾರನ್ನೂ ಹಳಿಯಲು ಇದನ್ನು ಹೇಳುತ್ತಿಲ್ಲ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ ಎಂದು ಮಕ್ಕಳ ಬೆನ್ನಿಗೆ ನಿಂತ ಶಿಕ್ಷಕರನ್ನು ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ನಾನು ಕಂಡಿದ್ದೇನೆ. ಆದರೆ ಪಾಸಾದವರ ಸಂಖ್ಯೆ ಒಂದು ಪ್ರಶ್ನೆಗೆ ಮಾತ್ರ ಉತ್ತರ. ಹದಿನೈದು ವರ್ಷದ ಹುಡುಗಿಯ ಕೈಗೆ ದಿನಪತ್ರಿಕೆ ಕೊಟ್ಟರೆ ಅದರಲ್ಲಿರುವ ಸುದ್ದಿಯನ್ನು ಓದಿ ತನ್ನ ಮಾತಿನಲ್ಲಿ ಹೇಳಬಲ್ಲಳೇ ಎಂಬ ಪ್ರಶ್ನೆಗೆ ಅಂಕಪಟ್ಟಿ ಉತ್ತರ ಕೊಡುವುದಿಲ್ಲ. ಆ ಉತ್ತರ ತಯಾರಾಗುವುದು ಹತ್ತನೇ ತರಗತಿಯಲ್ಲೂ ಅಲ್ಲ. ಅವಳು ಐದು ವರ್ಷದವಳಿದ್ದಾಗ, ಎಂಟು ವರ್ಷದವಳಿದ್ದಾಗ, ಇನ್ನೂ ಹಿಂದೆ ಹೋದರೆ ಮಾತು ಕಲಿಯುವ ಮೊದಲೇ ಅದರ ಬಹುಪಾಲು ನಿರ್ಧಾರವಾಗಿರುತ್ತದೆ.

ಹುಟ್ಟಿನಿಂದ ಪ್ರೌಢಶಾಲೆಯವರೆಗೆ ಮಕ್ಕಳ ಓದು-ಬರಹಕ್ಕೆ ಒಂದೇ ರಾಜ್ಯಮಟ್ಟದ ಯೋಜನೆ ಇರಬೇಕು ಎಂಬ ವಿಚಾರ ಹುಟ್ಟಿದ್ದು ಈ ತಿಳಿವಳಿಕೆಯಿಂದ. ಅಮೆರಿಕದಲ್ಲಿ ಇದು ಕಾನೂನಿನ ರೂಪವನ್ನೇ ಪಡೆದಿದೆ. ಅಲ್ಲಿನ ಒಕ್ಕೂಟ ಸರ್ಕಾರ 2010ರ ನಂತರ ರಾಜ್ಯಗಳಿಗೆ ಓದಿನ ಸುಧಾರಣೆಗೆ ಅನುದಾನ ಕೊಡುವಾಗ ಒಂದು ಷರತ್ತು ಹಾಕಿತು: ಮೊದಲು ಇಡೀ ರಾಜ್ಯಕ್ಕೆ ಸಮಗ್ರ ಸಾಕ್ಷರತಾ ಯೋಜನೆ ಇರಲಿ, ಬಂದ ಹಣದಲ್ಲಿ ಕನಿಷ್ಠ ಶೇ 15 ಹುಟ್ಟಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ, ಶೇ 40 ಐದನೇ ತರಗತಿಯವರೆಗೆ, ಇನ್ನು ಶೇ 40 ಆರರಿಂದ ಹನ್ನೆರಡನೇ ತರಗತಿಯವರೆಗೆ ಖರ್ಚಾಗಲಿ. ಈ ಹಂಚಿಕೆಯ ಹಿಂದೆ ಗಟ್ಟಿಯಾದ ಲೆಕ್ಕಾಚಾರವಿದೆ. ಹಣವನ್ನು ಹೀಗೆ ಕಟ್ಟಿಹಾಕದಿದ್ದರೆ ಅದು ಪರೀಕ್ಷೆ ಇರುವ ಕಡೆಗೇ ಹರಿಯುತ್ತದೆ. ಹಾಲುಗಲ್ಲದ ಮಗುವಿಗೆ ಪರೀಕ್ಷೆ ಇಲ್ಲ, ಆದ್ದರಿಂದ ಅದರ ಪಾಲೂ ಇಲ್ಲದಂತಾಗುತ್ತದೆ.

ನಮ್ಮಲ್ಲಿ ಕಾರ್ಯಕ್ರಮಗಳಿಗೆ ಬರವಿಲ್ಲ. ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗೆ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಇದೆ. ಅಂಗನವಾಡಿಯಲ್ಲಿ ಚಿಲಿಪಿಲಿ ಎಂಬ ಶಾಲಾಪೂರ್ವ ಪಾಠಕ್ರಮ ಇದೆ. ಒಂದನೇ ತರಗತಿಗೆ ಬಂದವರಿಗೆ ವಿದ್ಯಾಪ್ರವೇಶ, ಮೂರನೇ ತರಗತಿಯವರೆಗೆ ನಲಿಕಲಿ, ನಾಲ್ಕು-ಐದನೆಯವರಿಗೆ ಓದು ಕರ್ನಾಟಕ. ಕೋವಿಡ್ ಬಳಿಕ 2022-23ರಲ್ಲಿ ಕಲಿಕಾ ಚೇತರಿಕೆ. ಕೇಂದ್ರದ ನಿಪುಣ್ ಭಾರತ್ 2021ರ ಜುಲೈನಲ್ಲಿ ಆರಂಭವಾಗಿ, 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಓದಬೇಕು, ಬರೆಯಬೇಕು, ಸರಳ ಲೆಕ್ಕ ಮಾಡಬೇಕು ಎಂಬ ಗುರಿ ಇಟ್ಟಿತು. ಹಳ್ಳಿಯ ಮಕ್ಕಳಿಗೆ ಅರಿವು ಕೇಂದ್ರದ, ಅಂದರೆ ಗ್ರಾಮ ಪಂಚಾಯಿತಿ ಗ್ರಂಥಾಲಯದ, ಉಚಿತ ಸದಸ್ಯತ್ವವೂ ಉಂಟು.

ಇಷ್ಟೆಲ್ಲ ಇದ್ದೂ ಓದು ಏಕೆ ಕೈಕೊಡುತ್ತದೆ? ಭದ್ರಾ ನಾಲೆಯ ಕೊನೆ ಭಾಗದ ರೈತರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಅಣೆಕಟ್ಟೆಯಲ್ಲಿ ನೀರು ಬಿಟ್ಟಿದ್ದಾರೆ, ಕಾಗದದಲ್ಲಿ ಕ್ಯುಸೆಕ್ ಲೆಕ್ಕವಿದೆ, ಆದರೂ ತಮ್ಮ ಗದ್ದೆಗೆ ನೀರು ಬರುವುದಿಲ್ಲ. ಏಕೆಂದರೆ ಒಂದೊಂದು ತೂಬಿನಲ್ಲೂ ಅಷ್ಟಷ್ಟು ಸೋರಿಹೋಗಿರುತ್ತದೆ. ಮಗುವಿನ ಓದು ಸೋರುವುದೂ ಅದು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗ: ಮನೆಯಿಂದ ಅಂಗನವಾಡಿಗೆ, ಅಲ್ಲಿಂದ ಒಂದನೇ ತರಗತಿಗೆ, ನಲಿಕಲಿಯಿಂದ ನಾಲ್ಕನೇ ತರಗತಿಗೆ, ಏಳನೆಯದರಿಂದ ಹೈಸ್ಕೂಲಿಗೆ. ಒಂದೊಂದು ಹಂತಕ್ಕೂ ಒಬ್ಬೊಬ್ಬ ಅಧಿಕಾರಿ, ಒಂದೊಂದು ಕಡತ ಇದೆ. ಈ ನಾಲ್ಕು ಜಾಗಗಳಿಗೆ ಮಾತ್ರ ಯಾರೂ ಇಲ್ಲ. ರಾಜ್ಯಮಟ್ಟದ ಯೋಜನೆ ಎಂದರೆ ನನ್ನ ಮಟ್ಟಿಗೆ ಈ ನಾಲ್ಕು ಜಾಗಗಳಿಗೆ ಹೊಣೆಗಾರರನ್ನು ಹೆಸರಿಸುವುದು.

ಮೊದಲ ಮೂರು ವರ್ಷ

ಓದಿನ ಮೊದಲ ಸಾಮಗ್ರಿ ಮಾತು. ಮಗು ಕೇಳಿಸಿಕೊಂಡ ಪದಗಳೇ ಮುಂದೆ ಪುಸ್ತಕದಲ್ಲಿ ಕಂಡಾಗ ಅರ್ಥವಾಗುತ್ತವೆ. ಎಂದೂ ಕೇಳದ ಪದವನ್ನು ಅಕ್ಷರ ಕೂಡಿಸಿ ಓದಿದರೂ ಅದು ಬರೀ ಸದ್ದು. ಜೋಗುಳ, ಶಿಶುಪ್ರಾಸ, ಒಗಟು, ಅಜ್ಜಿಯ ಕಥೆ ಇವೆಲ್ಲ ಓದಿನ ಬೀಜ ಎನ್ನುವುದು ಅದಕ್ಕೇ. ಮಗುವನ್ನು ಎತ್ತಿಕೊಂಡು 'ನೋಡು, ಎಮ್ಮೆ ಮೇಯುತ್ತಿದೆ' ಎನ್ನುವ ತಾಯಿ ಪಾಠವನ್ನೇ ಮಾಡುತ್ತಿದ್ದಾಳೆ. ಅದನ್ನು ಅವಳಿಗೆ ಯಾರಾದರೂ ಹೇಳಬೇಕಷ್ಟೆ.

ಹೇಳುವವರು ಯಾರು? ಆಶಾ ಕಾರ್ಯಕರ್ತೆ ಲಸಿಕೆಗೆ ಬರುತ್ತಾರೆ, ಅಂಗನವಾಡಿ ಕಾರ್ಯಕರ್ತೆ ತೂಕ ನೋಡಲು ಬರುತ್ತಾರೆ. ಮನೆಗೆ ಬಂದ ಆ ಹತ್ತು ನಿಮಿಷದಲ್ಲಿ 'ಮಗುವಿನ ಜೊತೆ ಮಾತಾಡುತ್ತೀಯೇನಮ್ಮ, ಏನು ಹಾಡುತ್ತೀಯ?' ಎಂದು ಕೇಳುವುದೂ ಅವರ ಕೆಲಸದ ಭಾಗವಾಗಬೇಕು. ಕೇಂದ್ರ ಸರ್ಕಾರ 2024ರಲ್ಲಿ ಹೊರತಂದ 'ನವಚೇತನ' ಚೌಕಟ್ಟು ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳ ಜೊತೆ ಮಾಡಬಹುದಾದ ಇಂಥ ಚಟುವಟಿಕೆಗಳನ್ನೇ ತಿಂಗಳ ಪ್ರಕಾರ ಜೋಡಿಸಿಕೊಟ್ಟಿದೆ. ಕಾಗದ ಸಿದ್ಧವಿದೆ, ಚನ್ನಗಿರಿಯ ಅಡಿಕೆ ತೋಟದಲ್ಲಿ ದಿನವಿಡೀ ದುಡಿದು ಬರುವ ತಾಯಿಗೆ ಅದು ತಲುಪಬೇಕು.

ಇಲ್ಲೇ ಇನ್ನೊಂದು ಮಾತು. ಕಿವಿ ಸೋರುವ ಮಗುವಿಗೆ ಸದ್ದುಗಳ ವ್ಯತ್ಯಾಸ ತಿಳಿಯುವುದಿಲ್ಲ. ತ ಮತ್ತು ದ, ಪ ಮತ್ತು ಬ ಒಂದೇ ಎನಿಸಿದರೆ ಅದು ಓದಿನ ತೊಂದರೆಯಾಗಿ ಒಂದನೇ ತರಗತಿಯಲ್ಲಿ ತೋರುತ್ತದೆ. ಕನ್ನಡಕ ಬೇಕಾದ ಮಗುವನ್ನು ಎಷ್ಟೋ ಕಡೆ 'ದಡ್ಡ' ಎಂದು ಹಿಂದಿನ ಸಾಲಿಗೆ ಕಳಿಸಿರುತ್ತಾರೆ. ಅಲ್ಲಿಂದ ಕಪ್ಪುಹಲಗೆ ಇನ್ನೂ ಕಾಣುವುದಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ಬರಬೇಕು. ಅವರ ಪಟ್ಟಿ ಆರೋಗ್ಯ ಇಲಾಖೆಯಲ್ಲೇ ಉಳಿಯದೆ ತರಗತಿಯ ಶಿಕ್ಷಕಿಯ ಮೇಜಿಗೂ ಬಂದರೆ ಆಗ ಅದು ಸಾಕ್ಷರತೆಯ ಕೆಲಸವಾಗುತ್ತದೆ.

ಅಂಗನವಾಡಿ ಮತ್ತು ಮನೆಮಾತು

1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ಆರಂಭವಾದ ಯೋಜನೆ ಇಂದು ನಮ್ಮ ಪ್ರತಿ ಹಟ್ಟಿ, ತಾಂಡಾ, ಕೇರಿಗೆ ಅಂಗನವಾಡಿಯಾಗಿ ಬಂದು ನಿಂತಿದೆ. ಹಸಿದ ಮಗುವಿಗೆ ಊಟ ಕೊಡುವ ಅದರ ಕೆಲಸವನ್ನು ಯಾರೂ ಕಡಿಮೆ ಎಣಿಸಬಾರದು. ಆದರೆ ಕಾರ್ಯಕರ್ತೆಯ ದಿನಚರಿಯನ್ನು ಹತ್ತಿರದಿಂದ ನೋಡಿದರೆ ಪಾಠಕ್ಕೆ ಎಷ್ಟು ಹೊತ್ತು ಉಳಿಯುತ್ತದೆ ಎಂದು ತಿಳಿಯುತ್ತದೆ: ಆಹಾರದ ದಾಸ್ತಾನು, ಗರ್ಭಿಣಿ-ಬಾಣಂತಿಯರ ಊಟ, ಮೊಬೈಲಿನಲ್ಲಿ ಮಾಹಿತಿ ತುಂಬುವ ಪೋಷಣ್ ಟ್ರ್ಯಾಕರ್, ಸಮೀಕ್ಷೆ, ಮತದಾರರ ಪಟ್ಟಿ. ಕಥೆ ಹೇಳುವ, ಹಾಡು ಆಡಿಸುವ ಎರಡು ಗಂಟೆಯನ್ನು ಬೇರೆ ಯಾವ ಕೆಲಸವೂ ಕಸಿದುಕೊಳ್ಳಬಾರದು ಎಂಬ ಒಂದೇ ಆದೇಶ, ಜಾರಿಯಾದರೆ, ಹತ್ತು ತರಬೇತಿಗಳಿಗಿಂತ ಹೆಚ್ಚು ಫಲ ಕೊಡುತ್ತದೆ.

ನಮ್ಮ ಎರಡು ಜಿಲ್ಲೆಗಳ ವಿಶೇಷ ಇರುವುದು ಮನೆಮಾತಿನಲ್ಲಿ. ಮೊಳಕಾಲ್ಮೂರು, ಚಳ್ಳಕೆರೆಯ ಗಡಿ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ಚನ್ನಗಿರಿ, ಹೊನ್ನಾಳಿ, ಹೊಳಲ್ಕೆರೆ ಕಡೆಯ ತಾಂಡಾಗಳಲ್ಲಿ ಲಂಬಾಣಿ. ದಾವಣಗೆರೆ, ಹರಿಹರದ ಎಷ್ಟೋ ಬೀದಿಗಳಲ್ಲಿ ಉರ್ದು. ಈ ಮಕ್ಕಳು ಕನ್ನಡ ಶಾಲೆಗೆ ಬಂದ ಮೊದಲ ದಿನ ಅಕ್ಷರದ ಜೊತೆಗೆ ಭಾಷೆಯನ್ನೂ ಹೊಸದಾಗಿ ಕಲಿಯಬೇಕು. ಅವರು ಬಾಯಿ ಬಿಡದೆ ಕುಳಿತರೆ ಅದು ಮಂದಬುದ್ಧಿಯಲ್ಲ. ಅಂಗನವಾಡಿಯಲ್ಲಿ ಮೊದಲು ಮನೆಮಾತಿನಲ್ಲಿ ಕಥೆ, ನಿಧಾನವಾಗಿ ಅದೇ ಕಥೆ ಕನ್ನಡದಲ್ಲಿ, ಆಮೇಲೆ ಅಕ್ಷರ. ಈ ಕ್ರಮ ಅವರಿಗೆ ದೊಡ್ಡ ಆಸರೆ. ತಾಂಡಾದವರೇ ಆದ ಕಾರ್ಯಕರ್ತೆ ಇರುವ ಕಡೆ ಇದು ಯಾವ ಸುತ್ತೋಲೆಯೂ ಇಲ್ಲದೆ ತಾನಾಗಿ ನಡೆಯುತ್ತದೆ. ಆದ್ದರಿಂದ ಯೋಜನೆಯಲ್ಲಿ ಜಿಲ್ಲೆವಾರು, ಹಳ್ಳಿವಾರು ಮನೆಮಾತಿನ ನಕ್ಷೆ ಇರಬೇಕು. ಬೆಂಗಳೂರಿನಲ್ಲಿ ಕುಳಿತು ಎಲ್ಲರಿಗೂ ಒಂದೇ ಪುಸ್ತಕ ಮುದ್ರಿಸಿದರೆ ಮೊಳಕಾಲ್ಮೂರಿನ ಮಗು ಮೊದಲ ಪುಟದಲ್ಲೇ ಹಿಂದೆ ಬೀಳುತ್ತದೆ.

ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಶಾಲೆ ಶಾಲಾ ಶಿಕ್ಷಣ ಇಲಾಖೆಯದು. ಒಂದರ ದಾಖಲೆ ಪೋಷಣ್ ಟ್ರ್ಯಾಕರ್‌ನಲ್ಲಿ, ಇನ್ನೊಂದರದು ಶಾಲಾ ಮಕ್ಕಳ ಮಾಹಿತಿ ಇಡುವ ತಂತ್ರಾಂಶ ಎಸ್‌ಎಟಿಎಸ್‌ನಲ್ಲಿ. ಎಷ್ಟೋ ಊರುಗಳಲ್ಲಿ ಎರಡೂ ಕಟ್ಟಡಗಳು ಒಂದೇ ಅಂಗಳದಲ್ಲಿವೆ. ಮೂರು ವರ್ಷ ಆ ಮಗುವನ್ನು ಕಂಡ ಕಾರ್ಯಕರ್ತೆಗೆ ಅದು ಯಾವ ಹಾಡಿಗೆ ಕುಣಿಯುತ್ತದೆ, ಯಾವ ಸದ್ದನ್ನು ತಪ್ಪಾಗಿ ಹೇಳುತ್ತದೆ, ಮನೆಯಲ್ಲಿ ಯಾವ ಭಾಷೆ, ಎಲ್ಲವೂ ಗೊತ್ತು. ಜೂನ್ ತಿಂಗಳಲ್ಲಿ ಹತ್ತು ಹೆಜ್ಜೆ ಆಚೆಯ ಒಂದನೇ ತರಗತಿಗೆ ಆ ಮಗು ಹೋದಾಗ ಈ ತಿಳಿವಳಿಕೆ ಜೊತೆಗೆ ಹೋಗುವುದಿಲ್ಲ. ಜನನ ಪ್ರಮಾಣಪತ್ರ ಮತ್ತು ಆಧಾರ್ ಮಾತ್ರ ಹೋಗುತ್ತವೆ.

ಒಂದು ಊರಿನ ಹೆಸರು ಓದುವುದೆಂದರೆ

ಈಗ ಅಕ್ಷರದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಯೋಜನೆ ಮಾಡುವವರು ಹೆಚ್ಚಾಗಿ ಎಡವುವುದು ಇಲ್ಲೇ.

ನಾಲ್ಕನೇ ತರಗತಿಯ ಹುಡುಗನೊಬ್ಬ ಬಸ್ಸಿನ ಬೋರ್ಡು ಓದುವುದನ್ನು ಗಮನಿಸಿದೆ. 'ದಾವಣಗೆರೆ' ಎಂದು ಸರಾಗವಾಗಿ ಓದಿದ. ಪಕ್ಕದ ಬಸ್ಸಿನ ಬೋರ್ಡಿಗೆ ಬಂದವನು 'ಚಿ... ತ... ರ...' ಎಂದು ನಿಂತ. ಮತ್ತೆ ಮೊದಲಿನಿಂದ ಹೊರಟು 'ಚಿತ್ರ' ಹಿಡಿದ. 'ದು' ಬಂತು. ಆಮೇಲೆ 'ದುಗ್ರ' ಎಂದ. ತನ್ನ ಜಿಲ್ಲೆಯ ಹೆಸರು ಅದು. ದಿನಕ್ಕೆ ಹತ್ತು ಸಲ ಬಾಯಲ್ಲಿ ಬರುವ ಪದ. ಆದರೂ ಬರಹದಲ್ಲಿ ಅದನ್ನು ಗುರುತಿಸಲಿಲ್ಲ.

ಅವನ ತಪ್ಪು ಏನೆಂದು ನೋಡೋಣ. 'ದಾವಣಗೆರೆ'ಯಲ್ಲಿ ಒಂದು ದೀರ್ಘ, ಎರಡು ಎತ್ವ, ಒತ್ತಕ್ಷರವೇ ಇಲ್ಲ. 'ಚಿತ್ರದುರ್ಗ'ದಲ್ಲಿ ಇರುವುದು ನಾಲ್ಕೇ ಅಕ್ಷರ. ಆದರೆ ಮೊದಲನೆಯದಕ್ಕೆ ಗುಡಿಸು, ಎರಡನೆಯದಕ್ಕೆ ರ ಒತ್ತು, ಮೂರನೆಯದಕ್ಕೆ ಕೊಂಬು, ನಾಲ್ಕನೆಯದಕ್ಕೆ ಅರ್ಕಾವೊತ್ತು. ಅರ್ಕಾವೊತ್ತಿನಲ್ಲಿ ರಕಾರವನ್ನು ಬರೆಯುವುದು ಗ ಆದ ಮೇಲೆ, ಉಚ್ಚರಿಸುವುದು ಗ ಬರುವ ಮೊದಲು. ಹುಡುಗ ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದ್ದಾನೆ. ಅವನ ತರ್ಕ ಸರಿಯಾಗಿಯೇ ಇದೆ. ಈ ಒಂದು ಚಿಹ್ನೆಯ ನಿಯಮವನ್ನು ಅವನಿಗೆ ಕೂರಿಸಿಕೊಂಡು ಹೇಳಿಕೊಟ್ಟವರಿಲ್ಲ.

ಕನ್ನಡದಲ್ಲಿ ಮೂವತ್ತನಾಲ್ಕು ವ್ಯಂಜನಗಳು. ಹದಿಮೂರು ಸ್ವರಗಳ ಜೊತೆ ಅವುಗಳ ಕಾಗುಣಿತ ಬರೆದರೆ 442 ರೂಪಗಳು. ಅನುಸ್ವಾರ, ವಿಸರ್ಗ ಸೇರಿಸಿದರೆ 510. ಒತ್ತಕ್ಷರಗಳು ಇದರ ಹೊರಗೆ. ಇವನ್ನು ಒಂದೊಂದಾಗಿ ಬಾಯಿಪಾಠ ಮಾಡಬೇಕಿಲ್ಲ, ಒಳಗಿನ ಜೋಡಣೆ ತಿಳಿದರೆ ಸಾಕು ಎನ್ನುವುದು ನಿಜ. ಆದರೆ ಆ ಜೋಡಣೆ ಕೈಗೆ ಹತ್ತಲು ವರ್ಷಗಳು ಹಿಡಿಯುತ್ತವೆ. ಕನ್ನಡ ಓದಿನ ಕಲಿಕೆಯ ಬಗ್ಗೆ ಮನೋವಿಜ್ಞಾನಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನೇ ತೋರಿಸಿತು: ಇಪ್ಪತ್ತಾರು ಅಕ್ಷರಗಳ ಇಂಗ್ಲಿಷಿಗೆ ಹೋಲಿಸಿದರೆ ಕನ್ನಡದ ಅಕ್ಷರಗಳ ಮೇಲೆ ಹಿಡಿತ ಬರುವ ವೇಗ ನಿಧಾನ, ಅದು ಎರಡನೇ ತರಗತಿಗೆ ಮುಗಿಯದೆ ಮೂರು, ನಾಲ್ಕನೇ ತರಗತಿಗೂ ಚಾಚಿಕೊಳ್ಳುತ್ತದೆ.

ನಲಿಕಲಿ ಈ ಕಷ್ಟವನ್ನು ಅರಿತು ರೂಪುಗೊಂಡ ಪದ್ಧತಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶಿಕ್ಷಕರೇ ಕಟ್ಟಿದ ಈ ಪ್ರಯೋಗ 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಅ, ಆ, ಇ, ಈ ಎಂಬ ವರ್ಣಮಾಲೆಯ ಕ್ರಮವಿಲ್ಲ. 'ರಗಸದಅ', 'ಜವಮಬನ' ಎಂಬ ಗುಂಪುಗಳಿಂದ ಆರಂಭ. ಐದು ಅಕ್ಷರ ಕಲಿತ ಮಗು ಅಂದೇ 'ಸರ', 'ಅಗಸ', 'ಗರಗಸ' ಎಂದು ಓದಬಹುದು. ಓದಿದ್ದು ಅರ್ಥವೂ ಆಗುತ್ತದೆ. ಮಗು ತನ್ನ ಕಲಿಕಾ ಮೆಟ್ಟಿಲನ್ನು ತನ್ನ ವೇಗದಲ್ಲಿ ಹತ್ತುತ್ತದೆ, ಪ್ರಗತಿ ನೋಟದಲ್ಲಿ ತಾನೇ ಗುರುತು ಹಾಕಿಕೊಳ್ಳುತ್ತದೆ, ಬರೆದ ಚಿತ್ರ ತಲೆಯ ಮೇಲಿನ ಕಲಿಕಾ ಚಪ್ಪರದಲ್ಲಿ ತೂಗುತ್ತದೆ. ಒಳ್ಳೆಯ ಶಿಕ್ಷಕಿ ಇರುವ ನಲಿಕಲಿ ಕೊಠಡಿಗಿಂತ ಚಂದದ ಜಾಗ ನಮ್ಮ ಸರ್ಕಾರಿ ಶಾಲೆಯಲ್ಲಿ ಇನ್ನೊಂದಿಲ್ಲ. ಅದೇ ಪದ್ಧತಿ ಒಬ್ಬರೇ ಶಿಕ್ಷಕರು ಐದೂ ತರಗತಿಗಳನ್ನು ನೋಡಿಕೊಳ್ಳುವ ಶಾಲೆಯಲ್ಲಿ ಕಾರ್ಡು ಹಂಚಿ ಕೂರಿಸುವ ಕೆಲಸವಾಗಿಬಿಡುತ್ತದೆ. ದೋಷ ಕಾರ್ಡಿನದಲ್ಲ.

ಅಳತೆಯ ಬಗ್ಗೆಯೂ ಎಚ್ಚರ ಬೇಕು. ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕು ಎಂಬುದು ನಿಪುಣ್ ಭಾರತದ ಒಂದು ಗುರಿ. ಕನ್ನಡದಲ್ಲಿ 'ಮನೆಯವರಿಗೂ' ಎಂಬುದು ಒಂದೇ ಪದ. ವಿಭಕ್ತಿ, ಬಹುವಚನ, 'ಊ' ಎಲ್ಲ ಅದರೊಳಗೇ ಕೂಡಿಕೊಂಡಿವೆ. ಬಿಡಿಬಿಡಿ ಸಣ್ಣ ಪದಗಳ ಭಾಷೆಯ ಅರವತ್ತಕ್ಕೂ ನಮ್ಮ ಅರವತ್ತಕ್ಕೂ ತೂಕ ಒಂದೇ ಆಗುವುದಿಲ್ಲ. ಎನ್‌ಸಿಇಆರ್‌ಟಿ 2022ರಲ್ಲಿ ನಡೆಸಿದ ಬುನಾದಿ ಕಲಿಕಾ ಅಧ್ಯಯನ ಇದನ್ನು ಒಪ್ಪಿ ಭಾಷೆಗೊಂದರಂತೆ ಮಾನದಂಡ ನಿಗದಿಪಡಿಸಿತು. ತರಗತಿಯಲ್ಲಿ ಕೈಗಡಿಯಾರ ಹಿಡಿದು ನಿಲ್ಲುವವರು ಆ ಕನ್ನಡದ ಮಾನದಂಡವನ್ನೇ ಹಿಡಿಯಬೇಕು.

ನಾಲ್ಕನೇ ತರಗತಿಯ ಹೊಸ್ತಿಲು

ಮೂರನೇ ತರಗತಿಯವರೆಗೆ ಚಾಪೆಯ ಮೇಲೆ ಗುಂಪಿನಲ್ಲಿ ಕುಳಿತ ಮಗು ನಾಲ್ಕನೇ ತರಗತಿಗೆ ಬಂದ ಕೂಡಲೇ ಬೆಂಚು, ಪಠ್ಯಪುಸ್ತಕ, ಪರಿಸರ ಅಧ್ಯಯನ, ಗಂಟೆಗೊಂದು ವಿಷಯ. ಅಷ್ಟು ಹೊತ್ತಿಗೆ ಓದು ಬಂದಿರುತ್ತದೆ ಎಂದು ಪುಸ್ತಕ ನಂಬಿಕೊಂಡಿದೆ. ದೇಶದ ಗ್ರಾಮೀಣ ಭಾಗದಲ್ಲಿ ನಡೆಯುವ ಅಸರ್ ಸಮೀಕ್ಷೆಯ ಪ್ರಕಾರ ಸರ್ಕಾರಿ ಶಾಲೆಯ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ಶೇ 20.9, ಕೋವಿಡ್ ನಂತರ 2022ರಲ್ಲಿ ಶೇ 16.3, 2024ರಲ್ಲಿ ಶೇ 23.4. ಐದನೇ ತರಗತಿಯಲ್ಲೂ 2024ರಲ್ಲಿ ಶೇ 44.8 ಮಾತ್ರ. ಇವು ಇಡೀ ದೇಶದ ಅಂಕಿಗಳು. ಚೇತರಿಕೆ ಆಗಿದೆ ಎನ್ನುವುದು ಸಂತೋಷದ ಮಾತು. ಆದರೆ ಐದನೇ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಎರಡನೇ ತರಗತಿಯ ಪಾಠ ಓದಲಾರರು ಎಂಬುದನ್ನು ಓದಿ ಸುಮ್ಮನಿರುವುದು ಹೇಗೆ?

ಹಿಂದೆ ಬಿದ್ದ ಮಗುವಿಗೆ ಏನು ಮಾಡಬೇಕು ಎಂಬುದು ಗೊತ್ತಿರುವ ವಿದ್ಯೆಯೇ. ದಿನಕ್ಕೆ ಒಂದೆರಡು ಗಂಟೆ ತರಗತಿಯ ಗೋಡೆಯನ್ನು ಮರೆತು, ಮಕ್ಕಳನ್ನು ಅವರ ಓದಿನ ಮಟ್ಟದ ಪ್ರಕಾರ ಕೂರಿಸಬೇಕು: ಅಕ್ಷರ ಗುರುತಿಸುವವರು ಒಂದು ಗುಂಪು, ಪದ ಓದುವವರು ಇನ್ನೊಂದು, ವಾಕ್ಯ ಓದುವವರು ಮತ್ತೊಂದು. ಓದು ಕರ್ನಾಟಕ ಕಾರ್ಯಕ್ರಮದ ಜೀವಾಳ ಇದೇ. ಕೆಲವೇ ವಾರಗಳಲ್ಲಿ ಮಕ್ಕಳು ಮುಂದಿನ ಗುಂಪಿಗೆ ದಾಟುತ್ತಾರೆ. ತೊಂದರೆ ಏನೆಂದರೆ ಇದು ವರ್ಷದ ಕೆಲವು ದಿನಗಳ ಅಭಿಯಾನವಾಗಿ ಬಂದು ಹೋಗುತ್ತದೆ, ವೇಳಾಪಟ್ಟಿಯ ಕಾಯಂ ಗಂಟೆಯಾಗುವುದಿಲ್ಲ.

ದಾವಣಗೆರೆ, ಚಿತ್ರದುರ್ಗದ ಯೋಜನೆಯಲ್ಲಿ ಗುಳೆಗೂ ಒಂದು ಅಧ್ಯಾಯ ಬೇಕು. ಮಳೆ ಕೈಕೊಟ್ಟ ವರ್ಷ ಜಗಳೂರು, ಮೊಳಕಾಲ್ಮೂರಿನಿಂದ ಬೆಂಗಳೂರಿಗೆ, ತಾಂಡಾಗಳಿಂದ ಕಾಫಿ ಕೊಯ್ಲಿಗೆ, ಕಬ್ಬು ಕಡಿಯಲು ಕುಟುಂಬಗಳೇ ಹೊರಡುತ್ತವೆ. ಕೊಯ್ಲಿನ ತಿಂಗಳುಗಳು ಶಾಲಾ ವರ್ಷದ ನಡುಭಾಗ. ಅಷ್ಟು ದಿನ ಅಕ್ಷರದಿಂದ ದೂರವಿದ್ದ ಏಳು ವರ್ಷದ ಮಗು ಮರಳಿ ಬಂದಾಗ ಕಾಗುಣಿತ ಅಳಿಸಿಹೋಗಿರುತ್ತದೆ. ಸಮಗ್ರ ಶಿಕ್ಷಣದಡಿ ಋತುಮಾನದ ವಸತಿ ಕೇಂದ್ರ ತೆರೆಯಲು ಅವಕಾಶವಿದೆ. ಯಾವ ಊರಿಂದ ಎಷ್ಟು ಮಕ್ಕಳು ಯಾವ ತಿಂಗಳು ಹೊರಡುತ್ತಾರೆ ಎಂಬ ಪಟ್ಟಿ ಗ್ರಾಮ ಪಂಚಾಯಿತಿಯಲ್ಲಿ ಮುಂಚೆಯೇ ಸಿದ್ಧವಿದ್ದರೆ ಮಾತ್ರ ಆ ಅವಕಾಶ ಸಮಯಕ್ಕೆ ಒದಗುತ್ತದೆ.

ಹೈಸ್ಕೂಲಿನಲ್ಲೂ ಓದು ಕಲಿಸಬೇಕೇ?

ಕಲಿಸಬೇಕು. ಏಳನೇ ತರಗತಿಯವರೆಗೆ ಒಂದು ಶಾಲೆ, ಎಂಟಕ್ಕೆ ಇನ್ನೊಂದು ಊರಿನ ಹೈಸ್ಕೂಲು. ಅಲ್ಲಿನ ವಿಜ್ಞಾನದ ಶಿಕ್ಷಕರಿಗೆ ಈ ಮಗು ಹೊಸದು. 'ದ್ಯುತಿಸಂಶ್ಲೇಷಣೆ' ಎಂಬ ಪದವನ್ನು ಬಿಡಿಸಿ ಓದಲಾಗದ ಮಗುವಿಗೆ ಆ ಪಾಠ ಅಲ್ಲಿಗೇ ಮುಚ್ಚಿತು. ಹೊಲದಲ್ಲಿ ಬಿಸಿಲಿಗೆ ಬೆಳೆದ ಎಲೆಯನ್ನೂ ನೆರಳಿಗೆ ಹಳದಿಯಾದ ಎಲೆಯನ್ನೂ ಅವನು ಕಣ್ಣಾರೆ ಕಂಡವನು. ವಿಷಯ ಅವನಿಗೆ ಗೊತ್ತು, ಪದ ಗೊತ್ತಿಲ್ಲ. ತಮ್ಮ ವಿಷಯದ ಪದಗಳನ್ನು ಓದಿಸುವುದು, ಒಂದು ಪ್ಯಾರಾ ಓದಿ ಅದರ ಸಾರವನ್ನು ಎರಡು ವಾಕ್ಯದಲ್ಲಿ ಬರೆಸುವುದು ವಿಜ್ಞಾನ, ಸಮಾಜ ಶಿಕ್ಷಕರ ಕೆಲಸವೂ ಹೌದು. ಇದು ಭಾಷಾ ಶಿಕ್ಷಕರೊಬ್ಬರಿಂದ ಆಗುವ ಕೆಲಸವಲ್ಲ.

ಇದರ ಬದಲು ಹತ್ತನೇ ತರಗತಿಯಲ್ಲಿ ನಾವು ಕೊಡುವುದು ಪಾಸಿಂಗ್ ಪ್ಯಾಕೇಜ್. ಯಾವ ಪಾಠದಿಂದ ಯಾವ ಪ್ರಶ್ನೆ ಬರಬಹುದು, ಯಾವ ಚಿತ್ರ ಬಿಡಿಸಿದರೆ ಎಷ್ಟು ಅಂಕ ಎಂಬ ಕೈಪಿಡಿ. ಫೇಲಾಗಿ ಮನೆಯಲ್ಲಿ ಕೂರುವ, ಮದುವೆಗೆ ದೂಡಲ್ಪಡುವ ಹುಡುಗಿಯ ಬದುಕನ್ನು ಅದು ಉಳಿಸಿದ್ದೂ ಇದೆ. ಅದನ್ನು ರೂಪಿಸಿದ ಶಿಕ್ಷಕರ ಕಾಳಜಿ ದೊಡ್ಡದು. ಆದರೆ ಎಂಟನೇ ತರಗತಿಗೆ ಬಂದ ಮೊದಲ ತಿಂಗಳಲ್ಲೇ ಪ್ರತಿ ಮಗುವನ್ನೂ ಪಕ್ಕಕ್ಕೆ ಕೂರಿಸಿಕೊಂಡು ಓದಿಸಿ ನೋಡಿ, ಹಿಂದೆ ಬಿದ್ದವರಿಗೆ ಆ ವರ್ಷವೇ ಓದು ಕಲಿಸಿದರೆ ಎರಡು ವರ್ಷದ ನಂತರ ಪ್ಯಾಕೇಜಿನ ಅಗತ್ಯ ಬೀಳುವ ಮಕ್ಕಳು ಬೆರಳೆಣಿಕೆಯಾಗುತ್ತಾರೆ.

ಇನ್ನು ಇಂಗ್ಲಿಷ್. 2019ರಿಂದ ಸರ್ಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಬಂದಿವೆ. ತಂದೆತಾಯಿಗಳ ಆಸೆ ನ್ಯಾಯವಾದದ್ದೇ. ಅದನ್ನು ಕನ್ನಡದ್ರೋಹ ಎನ್ನಲು ನನಗೆ ಮನಸ್ಸಿಲ್ಲ. ಆದರೆ ಮೊದಲು ಒಂದು ಲಿಪಿಯಲ್ಲಿ ಓದು ಕುದುರಿದ ಮಗುವಿಗೆ ಎರಡನೆಯದು ಬೇಗ ಒಲಿಯುತ್ತದೆ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಬೋಧನೆ, ಎರಡು ವರ್ಷ ಪೂರ್ವ ಪ್ರಾಥಮಿಕ, ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಪ್ರೌಢ ಶಿಕ್ಷಣದ ವ್ಯವಸ್ಥೆ ಬೇಕೆಂದು ಶಿಫಾರಸು ಮಾಡಿದೆ. ಎಂಟು ವರ್ಷ ಒಂದೇ ಹಂತವಾದರೆ ಕೈಬದಲಾಗುವ ಒಂದು ಜಾಗವಾದರೂ ಎಂಟನೇ ತರಗತಿಯ ಬಾಗಿಲಿನಿಂದ ಆಚೆಗೆ ಸರಿಯುತ್ತದೆ ಎಂಬ ಕಾರಣಕ್ಕೆ ನನಗದು ಸರಿ ಎನಿಸುತ್ತದೆ.

ಜಿಲ್ಲೆಯ ಮಟ್ಟದಲ್ಲಿ ಆಗಬೇಕಾದದ್ದು

ಅಮೆರಿಕದ ಮಿಸಿಸಿಪ್ಪಿ ಬಡ ರಾಜ್ಯ. ಓದಿನಲ್ಲಿ 2013ರವರೆಗೂ ಆ ದೇಶದ ಕೊನೆಯ ಸಾಲಿನಲ್ಲಿತ್ತು. ಆ ವರ್ಷ ಕಾನೂನು ತಂದು, ಓದು ಕಲಿಸುವುದರಲ್ಲಿ ಪಳಗಿದ ಮಾರ್ಗದರ್ಶಕರನ್ನು ತೀರಾ ಹಿಂದುಳಿದ ಶಾಲೆಗಳಿಗೆ ಕಳಿಸಿತು. ಅವರು ತಪಾಸಣೆಗೆ ಹೋದವರಲ್ಲ. ತರಗತಿಯಲ್ಲಿ ಶಿಕ್ಷಕರ ಪಕ್ಕ ನಿಂತು ಪಾಠ ಮಾಡಿ ತೋರಿಸಿದರು. 2019ರ ಹೊತ್ತಿಗೆ ಅಲ್ಲಿನ ನಾಲ್ಕನೇ ತರಗತಿಯ ಮಕ್ಕಳು ರಾಷ್ಟ್ರೀಯ ಸರಾಸರಿಗೆ ಸಮನಾದರು. ಮೂರನೇ ತರಗತಿಯಲ್ಲಿ ಓದು ಬಾರದವರನ್ನು ತಡೆಹಿಡಿಯುವ ನಿಯಮವೂ ಆ ಕಾನೂನಿನಲ್ಲಿತ್ತು. ಅದನ್ನು ನಾವು ಅನುಸರಿಸುವುದು ಬೇಡ. ನಮ್ಮಲ್ಲಿ ನಪಾಸಾದ ಮಗು ಶಾಲೆಯನ್ನೇ ಬಿಡುತ್ತದೆ. ಮಾರ್ಗದರ್ಶಕರ ಪಾಠ ಮಾತ್ರ ನಮಗೆ ಬೇಕಾದದ್ದು. ನಮ್ಮಲ್ಲಿ ಪ್ರತಿ ಕ್ಲಸ್ಟರಿಗೆ (ಅಕ್ಕಪಕ್ಕದ ಶಾಲೆಗಳ ಗುಂಪಿಗೆ) ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿ ಇದ್ದಾರೆ, ಎರಡೂ ಜಿಲ್ಲೆಗಳಲ್ಲಿ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್ ಇದೆ. ಸಿಆರ್‌ಪಿಯ ದಿನ ಮಾಹಿತಿ ಸಂಗ್ರಹಿಸಿ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಮುಟ್ಟಿಸುವುದರಲ್ಲೇ ಕಳೆದುಹೋಗುತ್ತದೆ. ಆ ಹೊರೆಯನ್ನು ಇಳಿಸಿ, ವಾರದ ಹೆಚ್ಚು ದಿನ ಅವರು ಒಂದರಿಂದ ಐದನೇ ತರಗತಿಯ ಕೊಠಡಿಗಳಲ್ಲೇ ಇರುವಂತೆ ಮಾಡಿದರೆ ಹೊಸ ಹುದ್ದೆಯ ಮಂಜೂರಾತಿಗೆ ಕಾಯುವ ಅಗತ್ಯವೂ ಇಲ್ಲ.

ಕೈಬದಲಾಗುವ ಜಾಗಗಳಿಗೆ ಹೊಣೆ ಕೊಡುವುದೂ ಕಷ್ಟದ ಕೆಲಸವಲ್ಲ. ಶಾಲೆ ಆರಂಭವಾಗುವ ಮುನ್ನ ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ ಮತ್ತು ಬಿಇಒ ಒಟ್ಟಿಗೆ ಕುಳಿತು, ಪ್ರತಿ ಅಂಗನವಾಡಿಯಿಂದ ಹೊರಡುವ ಮಕ್ಕಳ ಬಗ್ಗೆ ಒಂದೊಂದು ಪುಟದ ಟಿಪ್ಪಣಿ ಒಂದನೇ ತರಗತಿಗೆ ತಲುಪಿದೆಯೇ ಎಂದು ನೋಡಬೇಕು: ಮನೆಮಾತು, ಮಾತಿನ ಬೆಳವಣಿಗೆ, ಕಣ್ಣು-ಕಿವಿ, ಇಷ್ಟದ ಕಥೆ. ಮೂರನೇ ತರಗತಿಯ ಶಿಕ್ಷಕಿ ನಾಲ್ಕನೆಯವರಿಗೆ, ಏಳನೆಯವರು ಹೈಸ್ಕೂಲಿಗೆ ಓದಿನ ಮಟ್ಟದ ಪಟ್ಟಿ ಕೊಡಬೇಕು. ಅಂಕವಿಲ್ಲದೆ, ಯಾರಿಗೆ ಅಕ್ಷರ, ಯಾರಿಗೆ ಪದ, ಯಾರಿಗೆ ಕಥೆ ಬರುತ್ತದೆ ಎಂಬಷ್ಟೇ. ಆ ಪಟ್ಟಿ ಶಿಕ್ಷಕರನ್ನು ಶಿಕ್ಷಿಸುವ ದಾಖಲೆಯಾಗಬಾರದು. ಆದ ದಿನವೇ ಎಲ್ಲ ಮಕ್ಕಳೂ ಕಾಗದದ ಮೇಲೆ ಓದಲು ಶುರುಮಾಡುತ್ತಾರೆ.

ಪುಸ್ತಕಗಳ ಮಾತು ಉಳಿದಿದೆ. ಓದು ಕಲಿತ ಮಗುವಿಗೆ ಓದಲು ಏನೂ ಇಲ್ಲದಿದ್ದರೆ ಕಲಿತದ್ದು ತುಕ್ಕು ಹಿಡಿಯುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಮರುವರ್ಷ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ 'ಓದುವ ಬೆಳಕು' ಎಂಬ ಹೆಸರಿನಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಆರಂಭವಾಯಿತು. ಅವೇ ಇಂದಿನ ಅರಿವು ಕೇಂದ್ರಗಳು. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರಿರುತ್ತದೆ. ಅದರಲ್ಲಿ ಮಕ್ಕಳ ಪುಸ್ತಕಕ್ಕೆ ಎಷ್ಟು ಹೋಯಿತು ಎಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಜೊತೆ ಐದು ವರ್ಷದ ಮಗುವಿಗೆ ಎಟುಕುವ ಕಪಾಟಿನಲ್ಲಿ ದೊಡ್ಡ ಅಕ್ಷರದ ಚಿತ್ರಪುಸ್ತಕಗಳೂ ಇರಬೇಕು, ಬಾಗಿಲು ಶಾಲೆ ಬಿಟ್ಟ ಮೇಲೂ ತೆರೆದಿರಬೇಕು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ. ಮುದ್ರಿಸಿ ಹೊಲಿದುಕೊಂಡರೆ ಬಡ ಶಾಲೆಗೂ ಪುಸ್ತಕ ಮೂಲೆ ಸಿದ್ಧ.

ಪೋಷಕರಿಗೆ, ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಸದಸ್ಯರಿಗೆ ನನ್ನ ವಿನಂತಿ ಇಷ್ಟು. ಮುಂದಿನ ಸಭೆಯಲ್ಲಿ ಕಾಂಪೌಂಡು, ಶೌಚಾಲಯದ ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳಿ. ನಮ್ಮ ಶಾಲೆಯ ನಾಲ್ಕನೇ ತರಗತಿಯಲ್ಲಿ ಒಂದು ಪುಟದ ಕಥೆಯನ್ನು ತಡವರಿಸದೆ ಓದುವವರು ಎಷ್ಟು ಮಂದಿ? ಓದಲಾರದ ಮಕ್ಕಳಿಗೆ ವಾರದಲ್ಲಿ ಎಷ್ಟು ಗಂಟೆ ಬೇರೆಯಾಗಿ ಕಲಿಸಲಾಗುತ್ತಿದೆ, ಯಾರು ಕಲಿಸುತ್ತಿದ್ದಾರೆ? ಈ ವರ್ಷ ಅಂಗನವಾಡಿಯಿಂದ ಬರುವ ಮಕ್ಕಳ ಬಗ್ಗೆ ಒಂದನೇ ತರಗತಿಯ ಶಿಕ್ಷಕರಿಗೆ ಏನೇನು ಗೊತ್ತಿದೆ? ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಮುಂದಿನ ಸಭೆಯಲ್ಲಿ ಅದೇ ಪುಟ ತೆಗೆಸಿ ಓದಿಸಿ. ನವೆಂಬರಿನಲ್ಲಿ ಮಕ್ಕಳ ಗ್ರಾಮಸಭೆ ನಡೆಯುವಾಗ ಇವೇ ಪ್ರಶ್ನೆಗಳನ್ನು ಮಕ್ಕಳೇ ಕೇಳಲಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಉತ್ತರ ಬರೆದುಕೊಡಲಿ.